ಬೆರಳತ್ತೆ ಗಿರಾಕಿಯಾದ ದಿನ

ಬೆರಳತ್ತೆಗೆ ಮೋಸ ಮಾಡುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ನಮ್ಮ ಲಾಡ್ಜಿನಲ್ಲಿ ಎಲ್ಲರೂ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿಕೊಳ್ಳುತ್ತಿದ್ದವನು ನಾನು. ಕೌಂಟರಿನಲ್ಲಿ ಕುಳಿತು ಕೀಲಿಕೈ ಕೊಡುವುದು ನನ್ನ ಕೆಲಸ. ಆದರೆ ಬರಿಯ ಕೀಲಿಕೈ ಕೊಟ್ಟು ನಾನು ಯಾವ ಗಿರಾಕಿಯನ್ನೂ ಮೆಟ್ಟಿಲು ಹತ್ತಿಸಿದವನಲ್ಲ. "ಸ್ವಾಮಿ, ನಿಮ್ಮ ಮನೆ ಹಾಸಿಗೇಲಿ ಧೂಳಿರಬಹುದು, ಅರಮನೆ ಹಾಸಿಗೇಲಿ ತಿಗಣೆ ಇರಬಹುದು. ಇಲ್ಲಿ ಎರಡೂ ಇಲ್ಲ. ಇಲ್ಲಿ ಬೆರಳತ್ತೆ ಇದ್ದಾಳೆ" ಎಂಬ ಒಂದು ಭಾಷಣವನ್ನೂ ಜೊತೆಗೆ ಕಟ್ಟಿ ಕಳಿಸುತ್ತಿದ್ದೆ. ಕೆಲವರು ನಗುತ್ತಿದ್ದರು. ಕೋಣೆ ನೋಡಿದ ಮೇಲೆ ಯಾರೂ ನಗುತ್ತಿರಲಿಲ್ಲ. ಕೆಳಗಿಳಿದು ಬಂದು, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಮೆಲ್ಲಗೆ ಕೇಳುತ್ತಿದ್ದರು.

ಹಾಗೆಂದು ನಮ್ಮದೇನೂ ದೊಡ್ಡ ಹೋಟೆಲಲ್ಲ. ಬಸ್ ನಿಲ್ದಾಣದ ಎದುರಿಗೆ, ಟಯರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಹಿಸುಕಿ ನಿಲ್ಲಿಸಿದಂತಿದ್ದ ಎರಡಂತಸ್ತಿನ ಕಟ್ಟಡ. ಆಸ್ಪತ್ರೆಗೆಂದು ಬಂದವರು, ಕೋರ್ಟಿನ ವಾಯಿದೆಗೆ ಬಂದವರು, ಮಾದರಿ ಪೆಟ್ಟಿಗೆ ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವ ಸೇಲ್ಸ್‌ಮನ್‌ಗಳು, ಬಸ್ಸು ತಪ್ಪಿಸಿಕೊಂಡವರು, ಹೆಂಡತಿಯಿಂದ ತಪ್ಪಿಸಿಕೊಂಡವರು ಇವರೇ ನಮ್ಮ ಗಿರಾಕಿಗಳು. ಇಂಥ ಲಾಡ್ಜುಗಳ ಸಂಗತಿ ನಿಮಗೆ ಗೊತ್ತೇ ಇದೆ. ದಿಂಬಿನ ಮೇಲೆ ಹಿಂದೆ ಮಲಗಿದ್ದವರ ತಲೆಯೆಣ್ಣೆ, ಬಕೆಟ್ಟಿನ ತಳದಲ್ಲಿ ಲೋಳೆ, ಲೋಟದ ಅಂಚಿನಲ್ಲಿ ಯಾರದೋ ತುಟಿ. ನಮ್ಮಲ್ಲಿ ಮಾತ್ರ ನೊಣಗಳು ಕೂಡ ಬಾಗಿಲ ತನಕ ಬಂದು, ಕಾಲೊರೆಸಿಕೊಂಡು, ಒಳಗೆ ಬರಲು ಧೈರ್ಯ ಸಾಲದೆ ಹಿಂದಿರುಗುತ್ತಿದ್ದವು. ಅತ್ತೆ ಒರೆಸಿದ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ನಾಳೆ ಬೆಳೆಯಲಿರುವ ಗಡ್ಡವೂ ಕಾಣಿಸುತ್ತಿತ್ತು. ಊರಿನ ಬೇರೆ ಲಾಡ್ಜುಗಳ ತಿಗಣೆಗಳು ತಮ್ಮ ಮರಿಗಳು ಹಠ ಮಾಡಿದರೆ ಅವಳ ಹೆಸರು ಹೇಳಿ ಹೆದರಿಸುತ್ತಿದ್ದವು ಎಂದು ನಾನು ಹೇಳಿದರೆ ನೀವು ನಂಬಲಿಕ್ಕಿಲ್ಲ. ತಿಗಣೆಗಳು ನಂಬಿದ್ದವು, ಅಷ್ಟು ಸಾಕು.

ಅವಳಿಗೆ ಆ ಹೆಸರು ಬಂದದ್ದು ಬಲಗೈಯ ತೋರುಬೆರಳಿನಿಂದ. ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಹಾಸಿ ಮುಗಿದ ಮೇಲೆ ಅವಳು ಆ ಬೆರಳನ್ನು ಮುಂದೆ ಮಾಡಿಕೊಂಡು ಒಂದು ಸುತ್ತು ಹೊರಡುತ್ತಿದ್ದಳು. ಬಾಗಿಲ ಚೌಕಟ್ಟಿನ ನೆತ್ತಿ, ನಲ್ಲಿಯ ಕುತ್ತಿಗೆಯ ಹಿಂಭಾಗ, ಸ್ವಿಚ್ಚಿನ ಪೆಟ್ಟಿಗೆಯ ಅಡಿ, ಮಂಚದ ಪಟ್ಟಿಯ ಒಳಮಗ್ಗುಲು, ಹೀಗೆ ಯಾವ ಗಿರಾಕಿಯೂ ಏಳು ಜನ್ಮದಲ್ಲಿ ಮುಟ್ಟದ ಜಾಗಗಳನ್ನೆಲ್ಲ ಸವರಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಏನಾದರೂ ಅಂಟಿದ್ದರೆ ಕೋಣೆ ಮತ್ತೆ ಮೊದಲಿನಿಂದ. ಕಕ್ಕಸಿನ ಬಟ್ಟೆ ಕೆಂಪು, ಲೋಟದ ಬಟ್ಟೆ ಬಿಳಿ. ಎರಡೂ ಒಂದೇ ಬಕೆಟ್ಟಿನಲ್ಲಿ ಮುಖ ನೋಡಬಾರದು. ಒಬ್ಬ ಕೆಲಸದವನು ಸೋಮಾರಿತನ ಮಾಡಿ ಕೆಂಪು ಬಟ್ಟೆಯಲ್ಲಿ ಲೋಟ ಒರೆಸಿದ್ದನ್ನು ಅತ್ತೆ ಕಂಡಳು. ಮೆಟ್ಟಿಲಿಳಿಸಿ, ರಸ್ತೆ ದಾಟಿಸಿ, ನಿಲ್ದಾಣದ ತನಕ ಅಟ್ಟಿಸಿಕೊಂಡು ಹೋದಳು. ಅವನು ಎದುರಿಗೆ ಸಿಕ್ಕ ಬಸ್ಸು ಹತ್ತಿದ. ಈಗಲೂ ಇಳಿದಿಲ್ಲ ಎಂದು ಕೇಳಿದ್ದೇನೆ.

ಅವಳ ಅಧಿಕಾರವೆಲ್ಲ ನನ್ನ ಬೆನ್ನ ಹಿಂದಿನ ಕೀಲಿಕೈ ಹಲಗೆಯಲ್ಲಿತ್ತು. ಪ್ರತಿಯೊಂದು ಕೀಲಿಕೈಗೂ ಒಂದು ಹಿತ್ತಾಳೆಯ ಬಿಲ್ಲೆ. ಬಿಲ್ಲೆಯ ಒಂದು ಮುಖದಲ್ಲಿ ಕೋಣೆಯ ನಂಬರು, ಇನ್ನೊಂದು ಮುಖ ಬೋಳು. ಗಿರಾಕಿ ಕೋಣೆ ಬಿಟ್ಟ ಕೂಡಲೇ ನಾನು ನಂಬರನ್ನು ಗೋಡೆಗೆ ಮಾಡಿ ಕೀಲಿಕೈ ತೂಗುಹಾಕಬೇಕು. ಅತ್ತೆಯ ಬೆರಳು ಒಪ್ಪಿದ ಮೇಲೆ ಅವಳೇ ಕೆಳಗೆ ಬಂದು ನಂಬರನ್ನು ಹೊರಗೆ ತಿರುಗಿಸಬೇಕು. ಹೊರಗೆ ಮುಖ ಮಾಡಿದ ಕೀಲಿಕೈ ಎಂದರೆ ಅತ್ತೆ ಕೊಟ್ಟ ಮಾತು. ಗೋಡೆ ನೋಡುತ್ತಿರುವ ಕೀಲಿಕೈಯನ್ನು ಮಂತ್ರಿಯೇ ಬಂದು ಕೇಳಿದರೂ ನಾನು ಮುಟ್ಟುವಂತಿರಲಿಲ್ಲ. ಬಿಲ್ಲೆ ತಿರುಗಿಸುವ ಹಕ್ಕು ಯಜಮಾನರಿಗೂ ಇರಲಿಲ್ಲ. ಒಮ್ಮೆ ಅವರ ಸ್ವಂತ ಬೀಗರು ಬಂದಾಗ ತಿರುಗಿಸಲು ಹೋಗಿ, ಅತ್ತೆಯ ಒಂದು ಕೆಮ್ಮು ಕೇಳಿ ಕೈಯನ್ನು ಹಾಗೇ ಮೇಲೆತ್ತಿ ತಲೆ ಕೆರೆದುಕೊಂಡರು.

ಅವಳಿಗೆ ಗಂಡ ಇದ್ದನೋ ಇಲ್ಲವೋ, ಇದ್ದರೆ ಎಲ್ಲಿ, ಎಂದು ಕೇಳುವ ಎದೆಗಾರಿಕೆ ನಮಗೆ ಯಾರಿಗೂ ಇರಲಿಲ್ಲ. ಒಬ್ಬ ಅಣ್ಣ ಇದ್ದ, ಲಾರಿ ಓಡಿಸುವವನು. ಹೆಂಡತಿ ತೀರಿಕೊಂಡ ಮೇಲೆ ತನ್ನ ಪುಟ್ಟ ಮಗಳನ್ನು ತಂಗಿಯ ಮನೆಯಲ್ಲಿ "ಒಂದು ವಾರ ನೋಡಿಕೋ" ಎಂದು ಬಿಟ್ಟುಹೋದ. ಆ ವಾರ ಇನ್ನೂ ಮುಗಿದಿಲ್ಲ. ಅವನು ಬೇರೆ ಕಡೆ ಬೇರೆ ಸಂಸಾರ ಹೂಡಿದ. ಹೀಗೆ ಲೋಕಕ್ಕೆಲ್ಲ ಬಾಯಿಮಾತಿನ ಅತ್ತೆಯಾದವಳು ಆ ಮಗುವೊಂದಕ್ಕೆ ಮಾತ್ರ ನಿಜವಾದ ಅತ್ತೆಯಾದಳು. ಬಂದ ಹೊಸದರಲ್ಲಿ ಹುಡುಗಿ ದಿನವೂ ಹಾಸಿಗೆ ಒದ್ದೆ ಮಾಡುತ್ತಿತ್ತು. ಅತ್ತೆ ಬೈಯದೆ, ಬಡಿಯದೆ, ಒಗೆದು ಹಿಂಡಿ ಹರವಿ ಕೆಲಸಕ್ಕೆ ಬರುತ್ತಿದ್ದಳು. ಅವಳ ಮನೆಯ ಮುಂದಿನ ತಂತಿಯ ಮೇಲೆ ಸದಾ ಒಂದು ಪುಟ್ಟ ಬೆಡ್‌ಶೀಟು ಹಾರಾಡುತ್ತಲೇ ಇರುತ್ತಿತ್ತು. ಬೀದಿಯವರು ಅದನ್ನು ನೋಡಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿದುಕೊಳ್ಳುತ್ತಿದ್ದರು.

ಹುಡುಗಿ ಲಾಡ್ಜಿನ ಕಾರಿಡಾರಿನಲ್ಲೇ ಬೆಳೆಯಿತು. ಶಾಲೆ ಬಿಟ್ಟ ಮೇಲೆ ಅತ್ತೆಯ ಹಿಂದೆ ಹಿಂದೆ ಓಡಾಡುತ್ತ, ದಿಂಬಿಗೆ ಕವರು ತೊಡಿಸುವುದನ್ನು ಗೊಂಬೆಗೆ ಅಂಗಿ ತೊಡಿಸಿದಂತೆ ಕಲಿಯಿತು. ಅತ್ತೆ ಅವಳಿಗೆ ಎರಡು ವಿದ್ಯೆಗಳನ್ನು ಪ್ರಾಣ ತಿಂದು ಕಲಿಸಿದಳು. ಒಂದು, ಬೆಡ್‌ಶೀಟಿನ ಒಳಮುಖ ಹೊರಮುಖ. ಅಂಚನ್ನು ಮಡಚಿ ಹೊಲಿದಾಗ ಒಂದು ಕಡೆ ಸಣ್ಣ ಉಬ್ಬು ಬರುತ್ತದೆ. ಆ ಉಬ್ಬು ಯಾವಾಗಲೂ ಕೆಳಗಿರಬೇಕು, ಮಲಗಿದವರ ಕೆನ್ನೆಗೆ ತಾಗಬಾರದು. ಇನ್ನೊಂದು, ಕಾಲ ಕಡೆಯ ಮೂಲೆ. ಎಲ್ಲರೂ ಲಕೋಟೆಯ ಹಾಗೆ ಮಡಚಿ ಹಾಸಿಗೆಯಡಿ ತುರುಕುತ್ತಾರೆ. ಅತ್ತೆ ಅದರ ಮೇಲೆ ಇನ್ನೊಂದು ಮಡಿಕೆ ಒಳಗೆ ತಿರುಚಿ ಸೇರಿಸುತ್ತಿದ್ದಳು. ಗಿರಾಕಿ ಕನಸಿನಲ್ಲಿ ಕುದುರೆ ಓಡಿಸಿದರೂ ಆ ಮೂಲೆ ಬಿಚ್ಚುತ್ತಿರಲಿಲ್ಲ. ಬೇರೆ ಕೆಲಸದವರು ಅದನ್ನು ಮಾಡಲು ಹೋದರೆ ಎಲೆಕೋಸು ಆಗುತ್ತಿತ್ತು. ಬಂದದ್ದು ಅಣ್ಣನ ಮಗಳಿಗೆ ಮಾತ್ರ. ಆ ದಿನ ಅತ್ತೆ ಕೌಂಟರಿಗೆ ಇಳಿದು ಬಂದು, "ಕೀಲಿಯವರೇ, ನನ್ನ ಕೈ ಅವಳಿಗೆ ಬಂತು. ಇನ್ನು ನಾನು ಸತ್ತರೂ ಲಾಡ್ಜಿಗೆ ನಷ್ಟ ಇಲ್ಲ" ಎಂದಳು.

"ನೀವು ಸತ್ತರೆ ಮೇಲೆ ಯಮನ ಆಸ್ಥಾನದ ಧೂಳು ಹೊಡೆಯೋಕೆ ಹೋಗ್ತೀರಿ. ಅವನಿಗೆ ನಷ್ಟ" ಎಂದೆ.

"ಅವನ ಕೋಣ ಎಲ್ಲಿ ಕಟ್ತಾರೆ ಅಂತ ಮೊದಲು ಕೇಳ್ತೀನಿ" ಎಂದಳು.

ಯಜಮಾನರಿಗೆ ವಯಸ್ಸಾಯಿತು. ಲಾಡ್ಜಿನ ಉಸ್ತುವಾರಿ ಅವರ ಅಳಿಯನ ಕೈಗೆ ಬಂತು. ಅಳಿಯ ಮ್ಯಾನೇಜರು ನಯವಾದ ಮನುಷ್ಯ. ಬೈಯುವಾಗಲೂ ನಗುತ್ತಿದ್ದ, ಹಾಗಾಗಿ ಬೈದದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಅವಳು ಹೇಳಲಿಲ್ಲ, ಆದರೆ ಬೆಳಕಿಗೆ ಹಿಡಿದ ಬೆರಳು ಮೂಗಿನ ಹತ್ತಿರ ಹತ್ತಿರ ಬರತೊಡಗಿದ್ದನ್ನು ನಾನು ಕಂಡೆ. ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಮೇಲಿನ ಅಂತಸ್ತನ್ನು ಅಣ್ಣನ ಮಗಳಿಗೆ ಕೊಡಿ, ಕೆಳಗಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ತಾನೇ ಹೋಗಿ ಮ್ಯಾನೇಜರನ್ನು ಕೇಳಿಕೊಂಡಳು. ಅವಳ ಮಾತಿನ ಮೇಲೆ ಹುಡುಗಿ ಸೂಪರ್‌ವೈಸರ್ ಆದಳು. ನೀಲಿ ಕೋಟು ಬಂತು. ಮೇಲಿನ ಕೋಣೆಗಳ ಬಿಲ್ಲೆ ತಿರುಗಿಸುವ ಹಕ್ಕನ್ನೂ ಅತ್ತೆ ಅವಳ ಕೈ ಹಿಡಿದು, ಹಲಗೆಯ ಮುಂದೆ ನಿಲ್ಲಿಸಿ ಒಪ್ಪಿಸಿದಳು. ಹುಡುಗಿ ಮೊದಲ ಬಿಲ್ಲೆ ತಿರುಗಿಸಿದಾಗ ಅತ್ತೆ ಮೂಗೊರೆಸಿಕೊಂಡಳು. ಧೂಳು ಎಂದಳು. ಅವಳಿದ್ದ ಕಟ್ಟಡದಲ್ಲಿ ಧೂಳು!

ಕೆಲವು ತಿಂಗಳು ಕಳೆದ ಮೇಲೆ ದೂರುಗಳು ಶುರುವಾದವು. ಮೇಲಿನ ಕೋಣೆಯ ಸೇಲ್ಸ್‌ಮನ್ ಒಬ್ಬ ಇಳಿದು ಬಂದು ಕತ್ತು ಕೆರೆಯುತ್ತ, "ನಿಮ್ಮ ಭಾಷಣ ಚೆನ್ನಾಗಿದೆ, ಹಾಸಿಗೆ ಅಷ್ಟಿಲ್ಲ" ಎಂದ. ಇನ್ನೊಬ್ಬಾಕೆ ಬೆಡ್‌ಶೀಟಿನಲ್ಲಿ ಹಳೆಯ ಕಲೆ ಇದೆ ಎಂದರು. ಅತ್ತೆಗೆ ಇದು ಕೆನ್ನೆಗೆ ಹೊಡೆದಂತಾಯಿತು. ಕಲೆ ಎಂದರೆ ಒಗೆಯುವವನ ತಪ್ಪು; ಹೀಗೆ ಅವಳು ನೀಲಿಯಣ್ಣನ ಮೇಲೆ ಹೋದಳು.

ನೀಲಿಯಣ್ಣ ಹಿತ್ತಲಲ್ಲಿ ಲಾಡ್ಜಿನ ಬಟ್ಟೆ ಒಗೆಯುವ ಮುದುಕ. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವನ ಕೈಗಳು ಮೊಣಕೈವರೆಗೆ ಆಕಾಶದ ತುಂಡುಗಳಂತೆ ಆಗಿದ್ದವು. ಅವನೂ ಅತ್ತೆಯೂ ದಿನಕ್ಕೊಂದು ಜಗಳವಾಡದಿದ್ದರೆ ಇಬ್ಬರಿಗೂ ಊಟ ಇಳಿಯುತ್ತಿರಲಿಲ್ಲ. ಅಂದೂ ಹಾಗೇ ಶುರುವಾಯಿತು.

"ಕೈಗೆ ಮುಪ್ಪು ಬಂತೇನೋ ನಿಂಗೆ? ಕಲೆ ಹಾಗೇ ಬರ್ತಿದೆ."

"ಅತ್ತೆ, ನನ್ನ ಹತ್ರ ಬಂದ ಕಲೆ ವಾಪಸ್ ಹೋದದ್ದು ಉಂಟಾ? ಒಂದು ಮಾತು ಕೇಳು. ಕೆಳಗಿನ ಅಂತಸ್ತಿನ ಬಟ್ಟೆಗಂಟು ಮೊದಲಿನ ಹಾಗೇ ಭಾರ. ಮೇಲಿನ ಗಂಟು ದಿನೇ ದಿನೇ ಹಗುರ. ಮೇಲೆ ಬರೋ ಗಿರಾಕಿಗಳೇನು ನೆಲದ ಮೇಲೆ ಮಲಗ್ತಾರಾ?"

"ಮೇಲಿನ ಗಂಟು ಕಟ್ಟೋಳು ನನ್ನ ಅಣ್ಣನ ಮಗಳು. ಅವಳ ವಿಷಯಕ್ಕೆ ಬಾಯಿ ಬಿಟ್ಟರೆ ನಿನ್ನ ನಾಲಿಗೆಗೂ ನೀಲಿ ಹಾಕ್ತೀನಿ."

"ಹಾಕು. ಕೈ ಆಗಿದೆ, ನಾಲಿಗೆಯೊಂದು ಬಾಕಿ ಇತ್ತು" ಎಂದು ಅವನು ನಕ್ಕ. ಅತ್ತೆ ನಗಲಿಲ್ಲ. ಆಗ ಅವನೂ ನಿಲ್ಲಿಸಿದ.

ಮ್ಯಾನೇಜರು ಇಬ್ಬರನ್ನೂ ಕರೆದು, ನಯವಾಗಿ, "ಅತ್ತೆ, ನೀವು ಹೇಳಿ. ನಿಮ್ಮ ಮಾತೇ ಕೊನೆ. ತಪ್ಪು ಯಾರದು?" ಎಂದು ಕೇಳಿದ. ಹುಡುಗಿ ಪಕ್ಕದಲ್ಲೇ ನೀಲಿ ಕೋಟಿನ ಗುಂಡಿ ತಿರುವುತ್ತ ನಿಂತಿದ್ದಳು. ಅತ್ತೆ, "ಒಗೆಯೋನದು" ಎಂದಳು. ನೀಲಿಯಣ್ಣ ಬಟ್ಟೆ ತಿರುವುವ ಕೋಲನ್ನು ಹಿತ್ತಲಿನ ನಲ್ಲಿಗೆ ಒರಗಿಸಿಟ್ಟು, ಅಂಗಿಯ ತೋಳನ್ನು ನೀಲಿ ಕೈಗಳ ಮೇಲೆ ಇಳಿಬಿಟ್ಟುಕೊಂಡು ಹೋದ. ಅಂದಿನಿಂದ ಯಾವುದೋ ವ್ಯಾನು ಬಂದು ಬಟ್ಟೆ ಒಯ್ಯತೊಡಗಿತು. ಆ ಕೋಲನ್ನು ಯಾರೂ ತೆಗೆಯಲಿಲ್ಲ. ಹಿತ್ತಲಿಗೆ ಹೋದಾಗ ಅತ್ತೆ ಅದನ್ನು ಸುತ್ತಿಬಳಸಿಕೊಂಡು ಹೋಗುತ್ತಿದ್ದಳು, ಮಲಗಿದ ನಾಯಿಯನ್ನು ಬಳಸಿ ಹೋಗುವ ಹಾಗೆ.

ಆಮೇಲೆ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮನೆಯಲ್ಲಿ ಕುಳಿತಳು. ಕೆಳಗಿನ ಅಂತಸ್ತನ್ನು ಇನ್ನಿಬ್ಬರು ಕೆಲಸದವರಿಗೆ ಹಂಚಿದ್ದರು. ಅವರಿಗೆ ಅತ್ತೆಯ ಭಯ ಇನ್ನೂ ಮೈಯಲ್ಲಿತ್ತು. ಮ್ಯಾನೇಜರು ಹಣ್ಣು ಹಿಡಿದುಕೊಂಡು ಅವಳ ಮನೆಗೆ ಹೋದ. ಇನ್ನು ನೀವು ದುಡಿದದ್ದು ಸಾಕು, ವಿಶ್ರಾಂತಿ ತೆಗೆದುಕೊಳ್ಳಿ, ಲಾಡ್ಜಿನವರೆಲ್ಲ ಸೇರಿ ನಿಮಗೊಂದು ಬೀಳ್ಕೊಡುಗೆ ಮಾಡುತ್ತೇವೆ ಎಂದ. ಇಷ್ಟು ವರ್ಷ ಬೇರೆಯವರಿಗೆ ಹಾಸಿಗೆ ಹಾಸಿದ್ದೀರಿ, ಒಂದು ದಿನ ನೀವು ನಮ್ಮ ಗಿರಾಕಿಯಾಗಿ ಮೇಲಿನ ಮೂಲೆ ಕೋಣೆಯಲ್ಲಿ ಇರಬೇಕು ಎಂದ. ಆ ಕೋಣೆಗೆ ಎರಡು ಕಿಟಕಿ, ನಮ್ಮಲ್ಲಿ ಅದೇ ಅರಮನೆ. ಅಣ್ಣನ ಮಗಳು, "ನಾನೇ ಸಜ್ಜು ಮಾಡ್ತೀನಿ ಅತ್ತೆ, ರಾಣಿ ಹಾಗೆ ಮಲಗು" ಎಂದಳಂತೆ. ಇದನ್ನು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಬೀದಿಯಲ್ಲಿ ಮೂಗರೂ ಅದನ್ನು ಇನ್ನೊಬ್ಬರಿಗೆ ಹೇಳಿದರು.

ಆ ದಿನ ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಕಪ್ಪು ಕನ್ನಡಕ ಹಾಕಿ, ಸಣ್ಣ ಚೀಲ ಹಿಡಿದು ಮುಂಬಾಗಿಲಿನಿಂದ ಬಂದಳು. ಅವಳು ಮುಂಬಾಗಿಲಿನಿಂದ ಬಂದದ್ದು ಅದೇ ಮೊದಲು. ಕೌಂಟರಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಕೋಣೆ ಇದೆಯಾ?" ಎಂದಳು.

ನಾನೂ ಬಿಡಲಿಲ್ಲ. "ಇದೆ ತಾಯಿ. ನಿಮ್ಮ ಮನೆ ಹಾಸಿಗೇಲಿ ಧೂಳಿರಬಹುದು, ಅರಮನೆ ಹಾಸಿಗೇಲಿ ತಿಗಣೆ ಇರಬಹುದು. ಇಲ್ಲಿ ಎರಡೂ ಇಲ್ಲ. ಇಲ್ಲಿ ಬೆರಳತ್ತೆ ಇದ್ದಾಳೆ."

"ಯಾರಪ್ಪಾ ಅವಳು? ಭಾರೀ ಬಜಾರಿಯಂತೆ, ಕೇಳಿದ್ದೀನಿ."

"ಮೆಲ್ಲಗೆ ಮಾತಾಡಿ, ಕೇಳಿಸಿಕೊಂಡರೆ ಬಸ್ಸು ಹತ್ತಿಸಿಬಿಡ್ತಾಳೆ."

ಕೀಲಿಕೈ ಕೈಗೆ ಬಂದಾಗ ಅವಳು ಬಿಲ್ಲೆಯನ್ನು ಸವರಿ ನೋಡಿದಳು. "ನಂಬರು ಹೊರಗಿತ್ತಾ?"

"ಹೊರಗೇ ಇತ್ತು. ನಿಮ್ಮ ಸೂಪರ್‌ವೈಸರಮ್ಮ ಬೆಳಿಗ್ಗೇನೇ ತಿರುಗಿಸಿದ್ದಾಳೆ."

ಅವಳ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಬೆಳಗಿತು. ಮೆಟ್ಟಿಲ ಕಂಬಿಯನ್ನು ಹಿಡಿಯದೆ ಮೇಲೆ ಹತ್ತಿದಳು.

ಊಟದ ಹೊತ್ತು ಕಳೆದಿತ್ತು. ಮ್ಯಾನೇಜರು ಸಂಜೆಯ ಬೀಳ್ಕೊಡುಗೆಗೆ ಹಜಾರದಲ್ಲಿ ಕುರ್ಚಿ ಹಾಕಿಸುತ್ತಿದ್ದ. ಕೌಂಟರಿನ ಫೋನು ಬಡಿದುಕೊಂಡಿತು.

"ಕೌಂಟರಾ? ನಾನು ಮೇಲಿನ ಮೂಲೆ ಕೋಣೆಯ ಗಿರಾಕಿ. ಒಂದು ದೂರು ಹೇಳಬೇಕಿತ್ತು."

ನನಗೆ ನಗು ತಡೆಯಲಿಲ್ಲ. "ಹೇಳಿ ಅಮ್ಮಾವ್ರೇ. ದಿಂಬು ಮೆತ್ತಗಾಯ್ತಾ?"

"ಕೀಲಿಯವರೇ, ಮೇಲೆ ಬನ್ನಿ. ಮಾಸ್ಟರ್ ಕೀಲಿಕೈ ತನ್ನಿ" ಎಂದಳು. ನಗು ಗಂಟಲಲ್ಲೇ ಹಿಂದಕ್ಕೆ ಹೋಯಿತು.

ಅವಳು ಹಾಸಿಗೆಯ ಮೇಲಿರಲಿಲ್ಲ, ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಕಪ್ಪು ಕನ್ನಡಕ ಮಡಿಲಲ್ಲಿತ್ತು. ಕೋಣೆ ನೋಡಲು ಲಕ್ಷಣವಾಗಿಯೇ ಇತ್ತು. ನೆಲ ಹೊಳೆಯುತ್ತಿತ್ತು, ಮೇಜಿನ ಮೇಲೆ ಒಂದು ಹೂವು ಕೂಡ ಇತ್ತು. ಅವಳು ಎದ್ದು ಬಂದು ನನ್ನ ಕೈ ಹಿಡಿದು, ನನ್ನ ಬೆರಳನ್ನು ತಲೆಕಡೆಯ ಅಂಚಿನ ಮೇಲೆ ಓಡಿಸಿದಳು. ನನಗೆ ಹೊಲಿಗೆ ಎಂಬುದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

"ಉಬ್ಬು ಮೇಲಿದೆ" ಎಂದಳು. "ಮಲಗಿದೆ, ಕೆನ್ನೆಗೆ ಒತ್ತಿತು."

"ಆತುರದಲ್ಲಿ ತಿರುಗಾಮುರುಗಾ ಹಾಸಿರಬಹುದು ಅತ್ತೆ."

"ನಾನೂ ಹಾಗೇ ಅಂದ್ಕೊಂಡೆ. ದೇವರೇ ಹಾಗೇ ಆಗಿರಲಿ ಅಂದ್ಕೊಂಡೇ ಎತ್ತಿದೆ."

ಬೆಡ್‌ಶೀಟಿನ ಅರ್ಧವನ್ನು ಅವಳು ಮಗುಚಿ ತೋರಿಸಿದಳು. ಅಡಿಯಲ್ಲಿದ್ದ ಮುಖದಲ್ಲಿ ಚಹಾ ಲೋಟದ ಉಂಗುರ, ಬಿಸ್ಕತ್ತಿನ ಪುಡಿ, ಯಾರದೋ ಉದ್ದ ಕೂದಲು. ಮೂಗಿಗೆ ಮೊಣಕಾಲು ನೋವಿನ ಮುಲಾಮು ಘಮ್ಮೆಂದು ಬಡಿಯಿತು. ಹಿಂದಿನ ದಿನ ಆ ಕೋಣೆ ಬಿಟ್ಟುಹೋದ ಮುದುಕ ಕುಂಟುತ್ತಿದ್ದದ್ದು ನನಗೆ ನೆನಪಾಯಿತು. ಪೊರೆ ತೆಗೆದು ಹೊಸದಾಗಿ ಬೆಳಕು ಕಂಡ ಆ ಕಣ್ಣುಗಳಿಗೆ ನಮ್ಮ ಲಾಡ್ಜು ತೋರಿಸಿದ ಮೊದಲ ನೋಟ ಇದು.

"ಕೆಲಸದವರು ಯಾರೋ..." ಎಂದು ನಾನು ಬಾಯಿ ತೆರೆದೆ.

ಅವಳು ಮಂಚದ ಕಾಲ ಕಡೆಗೆ ಬೆರಳು ತೋರಿಸಿದಳು. ಅಲ್ಲಿ ಇನ್ನೂ ಬಿಚ್ಚದ ಮೂಲೆ ಇತ್ತು. ಲಕೋಟೆಯ ಮಡಿಕೆ, ಅದರ ಮೇಲೆ ಒಳಗೆ ತಿರುಚಿದ ಇನ್ನೊಂದು ಮಡಿಕೆ. ಗಟ್ಟಿಯಾಗಿ, ನೀಟಾಗಿ, ಕತ್ತರಿಸಿ ಇಟ್ಟ ಹಾಗೆ. ಲೋಕದಲ್ಲಿ ಆ ಮೂಲೆಯನ್ನು ಮಡಚಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬಳು ನನ್ನೆದುರಿಗೆ ನಿಂತಿದ್ದಳು. ಬಟ್ಟೆಯನ್ನು ಮಗುಚಿ ಹಾಕಿದ ಕೈ ಮೂಲೆಯ ಹತ್ತಿರ ಬಂದಾಗ ರೂಢಿಯಂತೆ ತನ್ನಷ್ಟಕ್ಕೆ ತಾನೇ ಅತ್ತೆಯ ಮಡಿಕೆ ಹಾಕಿಬಿಟ್ಟಿತ್ತು.

"ಹಾಳಾದವಳು" ಎಂದಳು ಅತ್ತೆ, ಬಹಳ ಮೆಲ್ಲಗೆ. "ಮೂಲೆಯನ್ನಾದರೂ ಕೆಡಿಸಬಾರದಿತ್ತಾ. ಬೇರೆ ಯಾರನ್ನಾದರೂ ಬೈದುಕೊಂಡು ಮನೆಗೆ ಹೋಗ್ತಿದ್ದೆ."

ಪಕ್ಕದ ಕೋಣೆ ತೆರೆಸಿದಳು. ಅದರ ಪಕ್ಕದ್ದನ್ನು ತೆರೆಸಿದಳು. ಮೇಲಿನ ಸಾಲಿನಲ್ಲಿ ಖಾಲಿಯಿದ್ದ ಕೋಣೆಗಳಿಗೆಲ್ಲ ಹೋಗಿ ಅಂಚು ಸವರಿದಳು. ಕೆಲವೆಡೆ ಬಟ್ಟೆ ಬದಲಾಗಿತ್ತು; ಹೆಚ್ಚಿನೆಡೆ ಮಗುಚಿತ್ತು. ಎಲ್ಲ ಕಡೆ ಮೂಲೆ ಮಾತ್ರ ಚೊಕ್ಕ. ಕೊನೆಯ ಕೋಣೆಯ ಬಾಗಿಲಲ್ಲಿ ನಿಂತು, "ನೀಲಿಯಣ್ಣನ ಗಂಟು ಹಗುರ ಆಗಿದ್ದು ನಿಜ" ಎಂದಳು. "ಅವನು ಹೇಳಿದ. ನಾನು ಅವನ ನಾಲಿಗೆಗೆ ನೀಲಿ ಹಾಕ್ತೀನಿ ಅಂದೆ." ಆಮೇಲೆ ತನ್ನ ತೋರುಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡಳು. ಅದಕ್ಕೆ ಏನೂ ಅಂಟಿರಲಿಲ್ಲ. ಆದರೂ ಸೆರಗಿಗೆ ಒರೆಸಿಕೊಂಡಳು.

ಮೂಲೆ ಕೋಣೆಯ ಬೆಡ್‌ಶೀಟನ್ನು ಎಳೆದು ಹೆಗಲಿಗೆ ಹಾಕಿಕೊಂಡು ಅವಳು ಕೆಳಗಿಳಿದಾಗ ಸಂಜೆಯ ದೂರದ ಬಸ್ಸು ಆಗತಾನೇ ಬಂದಿತ್ತು. ಕೌಂಟರಿನ ಮುಂದೆ ಚೀಲಗಳು, ಮಕ್ಕಳು, ಬೆವರಿದ ಗಂಡಸರು, ಬಟ್ಟೆ ಬದಲಿಸಲು ಕಾಯುತ್ತಿದ್ದ ಹೆಂಗಸರು. ಇನ್ನೊಂದು ಕಡೆ ಬೀಳ್ಕೊಡುಗೆಯ ಕುರ್ಚಿಗಳಲ್ಲಿ ಲಾಡ್ಜಿನ ಕೆಲಸದವರೆಲ್ಲ ತಲೆ ಬಾಚಿಕೊಂಡು ಕುಳಿತಿದ್ದರು. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಉಡುಗೊರೆ. ಅದರಲ್ಲಿ ಇದ್ದದ್ದು ಒಂದು ಜೊತೆ ಹೊಸ ಬೆಡ್‌ಶೀಟು ಎಂದು ನನಗೆ ಆಮೇಲೆ ಗೊತ್ತಾಯಿತು. ಇಂಥದ್ದನ್ನು ನಾನು ಕಟ್ಟಿ ಹೇಳಿದರೂ ಯಾರೂ ನಂಬುವುದಿಲ್ಲ. ಅದಕ್ಕೇ ನಾನು ಕಟ್ಟಿಲ್ಲ.

ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಕೌಂಟರಿನ ಒಳಗೆ ಬಂದು, ಹಲಗೆಯ ಮುಂದೆ ನಿಂತು, ಮೇಲಿನ ಸಾಲಿನ ಬಿಲ್ಲೆಗಳನ್ನು ಒಂದೊಂದಾಗಿ ಗೋಡೆಗೆ ತಿರುಗಿಸತೊಡಗಿದಳು. ಟಕ್, ಟಕ್ ಎಂದು ಹಿತ್ತಾಳೆ ಹಲಗೆಗೆ ಬಡಿಯುವ ಸದ್ದಿಗೆ ಅಳುವ ಮಕ್ಕಳೂ ಬಾಯಿ ಮುಚ್ಚಿದವು.

ಮ್ಯಾನೇಜರು ನಗುತ್ತ ಓಡಿ ಬಂದ. "ಅತ್ತೆ, ಏನಿದು? ಜನ ಕಾಯ್ತಿದ್ದಾರೆ."

"ಕೆಳಗಿನ ಕೋಣೆ ಕೊಡಿ. ಮೇಲಿನವು ಇನ್ನೂ ಆಗಿಲ್ಲ."

"ಆಗಿದೆ ಅತ್ತೆ, ಬೆಳಿಗ್ಗೇನೇ ಆಗಿದೆ."

"ಬೆಳಿಗ್ಗೆ ಮಗುಚಿದ್ದು. ಆಗಿದ್ದಲ್ಲ." ಹೆಗಲ ಮೇಲಿನ ಬೆಡ್‌ಶೀಟನ್ನು ತೆಗೆದು ಕೌಂಟರಿನ ಮೇಲೆ ಹರವಿದಳು, ಚಹಾದ ಉಂಗುರ ಮೇಲೆ ಬರುವಂತೆ. ಮುಂದೆ ನಿಂತಿದ್ದ ಹೆಂಗಸೊಬ್ಬಳು ಮೂಗಿಗೆ ಸೆರಗು ಒತ್ತಿಕೊಂಡು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

ಮ್ಯಾನೇಜರ ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಒಣಗಿತ್ತು. ದನಿ ತಗ್ಗಿಸಿ, "ಕಲೆ ಕಾಣದಿದ್ದರೆ ಮಗುಚು ಅಂತ ನಾನೇ ಹೇಳಿದ್ದು. ಎಲ್ಲಾ ಕಡೆ ಹೀಗೇ ನಡೆಯುತ್ತೆ. ಒಂದು ರಾತ್ರಿ ಮಲಗಿ ಎದ್ದು ಹೋಗೋರಿಗೆ ಏನು ಗೊತ್ತಾಗುತ್ತೆ?" ಎಂದ.

"ಹಾಗಾದರೆ ನೀಲಿಯಣ್ಣನ್ನ ಯಾಕೆ ಕಳಿಸಿದಿರಿ?"

"ತಪ್ಪು ಒಗೆಯೋನದು ಅಂದೋರು ನೀವೇ ಅಲ್ವಾ ಅತ್ತೆ?"

ಈ ಏಟು ಸರಿಯಾಗಿ ಬಿತ್ತು. ಅತ್ತೆಯ ಕೈ ಬಿಲ್ಲೆಯ ಮೇಲೆ ಒಂದು ಕ್ಷಣ ನಿಂತಿತು. "ಹೌದು. ಅದಕ್ಕೆ ನಾಳೆ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲೋಳೂ ನಾನೇ" ಎಂದು ಮುಂದಿನ ಬಿಲ್ಲೆ ತಿರುಗಿಸಿದಳು.

ಮ್ಯಾನೇಜರಿಗೆ ಈಗ ನಯ ಕಳಚಿತು. "ಆ ಹಲಗೆ ಮುಟ್ಟೋಕೆ ನಿಮಗೇನು ಅಧಿಕಾರ? ನೀವು ಈಗ ಕೆಲಸದಲ್ಲಿಲ್ಲ."

"ಇಲ್ಲ. ಗಿರಾಕಿ. ನಂಗೆ ಕೊಟ್ಟ ಕೋಣೆ ಸರಿಯಿಲ್ಲ."

ಬಸ್ಸಿನಿಂದ ಇಳಿದವರಲ್ಲಿ ಒಬ್ಬ ಚೀಲ ಎತ್ತಿಕೊಂಡ. ಅವನನ್ನು ನೋಡಿ ಇನ್ನೊಬ್ಬ ಎತ್ತಿಕೊಂಡ. ಕೆಳಗಿನ ಕೋಣೆಗಳಿಗೆ ಆಗುವಷ್ಟು ಜನ ಉಳಿದರು, ಮಿಕ್ಕವರು ಹೊರಟರು. ಮ್ಯಾನೇಜರು ಅವರ ಹಿಂದೆ ಬಾಗಿಲ ತನಕ ಓಡಿದ.

ಆಗಲೇ ಮೆಟ್ಟಿಲ ಬುಡದಲ್ಲಿ ಅಣ್ಣನ ಮಗಳು ಕಾಣಿಸಿದ್ದು. ಬೀಳ್ಕೊಡುಗೆಗೆಂದು ನೀಲಿ ಕೋಟು ಬಿಟ್ಟು ಒಳ್ಳೆಯ ಸೀರೆ ಉಟ್ಟಿದ್ದಳು. ಅತ್ತೆಗೆ ಹಾಕಲು ತಂದ ಹಾರ ಕೈಯಲ್ಲಿತ್ತು. ಕೌಂಟರಿನ ಮೇಲೆ ಹರವಿದ್ದ ಬಟ್ಟೆಯನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಅತ್ತೆಯೂ ಅವಳನ್ನು ಹೊಸ ಕಣ್ಣುಗಳಿಂದ ನೋಡಿದಳು. ಪೊರೆ ಬಂದಂದಿನಿಂದ ಅವಳು ಆ ಮುಖವನ್ನು ಅಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ ಎಂದು ಕಾಣುತ್ತದೆ. ಬೈಗುಳ ಬರುತ್ತದೆ ಎಂದು ನಾವೆಲ್ಲ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದೆವು. ಬೈಗುಳ ಬರಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

"ನನ್ನ ಹಾಸಿಗೆ ಕೂಡ ಹಾಗೇ ಮಾಡಿದೆಯಾ?" ಎಂದು ಅತ್ತೆ ಕೇಳಿದಳು. ಬರಿಯ ತಿಳಿದುಕೊಳ್ಳುವ ಪ್ರಶ್ನೆಯಂತೆ.

"ಮೇಲೆ ಅಷ್ಟೊಂದು ಕೋಣೆ ಇದೆ ಅತ್ತೆ, ನಾನೊಬ್ಬಳು. ಹೊತ್ತು ಸಾಲಲಿಲ್ಲ. ಅವರೂ ಹೇಳಿದ್ದರು. ನೀನು ಒಂದು ಮಧ್ಯಾಹ್ನ ಮಲಗೋಕೆ ತಾನೆ..." ಹುಡುಗಿ ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡಳು. ಆದರೂ ಅವಳು ಅತ್ತೆಯ ಕೈಯಲ್ಲೇ ಬೆಳೆದವಳು, ಸುಮ್ಮನೆ ತಲೆ ತಗ್ಗಿಸುವ ಜಾತಿಯಲ್ಲ. "ಒಂದು ಬೆಡ್‌ಶೀಟು ಮಗುಚಿ ಹಾಕಿದ್ದಕ್ಕೆ ಇಷ್ಟು ಜನರ ಮುಂದೆ ನನ್ನ ಮಾನ ತೆಗೀತೀಯಲ್ಲ? ಕೆಲಸ ಹೋಗುತ್ತೆ ನನ್ನದು. ನಾನು ನಿನ್ನ ಮಗಳಿದ್ದ ಹಾಗೆ ಅಲ್ವಾ ಅತ್ತೆ? ಮನೆಯವಳು ಅಂತ ಹೊಟ್ಟೆಗೆ ಹಾಕಿಕೊಳ್ಳೋಕೆ ಆಗಲ್ವಾ?"

ಅತ್ತೆ ಕೊನೆಯ ಬಿಲ್ಲೆಯನ್ನು ಗೋಡೆಗೆ ತಿರುಗಿಸಿದಳು. ಕೌಂಟರಿನ ಮೇಲಿನ ಬಟ್ಟೆಯನ್ನು ಉಬ್ಬು ಒಳಗೆ ಹೋಗುವಂತೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು, ಒಗೆಯಲು ಒಯ್ಯುವ ಹಾಗೆ.

"ಮರೀ, ನಮ್ಮನೇಲಿ ನೀನು ದಿನಾ ಹಾಸಿಗೆ ಒದ್ದೆ ಮಾಡ್ತಿದ್ದೆ. ಮನೆಯವಳೇ ತಾನೆ ಅಂತ, ಒಂದು ದಿನವಾದರೂ ಅದನ್ನ ಮಗುಚಿ ಹಾಕಿ ನಿನ್ನ ಮಲಗಿಸಿದ್ದೀನೇನೇ?"